ಹೆಸರು ಹಾಕಿಲ್ಲ, ಆದರೂ ಊರಿಗೆಲ್ಲ ಗೊತ್ತು

ಓದುಗರ ಪ್ರಶ್ನೆ: ಈ ಸಲದ ವಿಷಯ, ಹೆಣ್ಣಿನ ಮೇಲಿನ ಹಿಂಸೆ, ಜಾತಿ ಮತ್ತು ಸುದ್ದಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಉತ್ತರ ಬರೆದವರು ಇಬ್ಬರು: ಜಿಲ್ಲಾ ಪುಟದ ಸುದ್ದಿ ತಿದ್ದುವವರೊಬ್ಬರು, ಮಹಿಳೆಯರ ಪ್ರಕರಣ ನಡೆಸುವ ವಕೀಲರೊಬ್ಬರು. ಪತ್ರ ಬರೆದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ.

ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣವೊಂದರ ಸುದ್ದಿ ಕಳಿಸಿದ್ದೆ. ಬಾಲಕಿಯ ಹೆಸರು ಎಲ್ಲೂ ಹಾಕಿರಲಿಲ್ಲ. ಪೇಪರ್ ಬಂದ ಒಂದು ತಾಸಿಗೆ ಊರಿಗೆಲ್ಲ ಗೊತ್ತಾಯಿತು. ಮನೆಯವರು ನನಗೇ ಫೋನ್ ಮಾಡಿ ಬೈದರು. ತಪ್ಪು ನನ್ನದಾ?
— ತಾಲ್ಲೂಕು ವರದಿಗಾರ, ರಾಯಚೂರು ಜಿಲ್ಲೆ

ಹೌದು, ಅಷ್ಟರಮಟ್ಟಿಗೆ ನಿಮ್ಮದೇ. ಸುದ್ದಿ ತಿದ್ದುವ ನಿಮ್ಮ ಡೆಸ್ಕಿನದೂ ಹೌದು. ಹೆಸರು ಬಿಟ್ಟರೆ ಸಾಕು ಎಂಬ ಲೆಕ್ಕ ನಲವತ್ತು ಮನೆಯ ಕ್ಯಾಂಪಿನಲ್ಲಿ ನಡೆಯುವುದಿಲ್ಲ. ಮಾದರಿಗೆಂದು ನಾವೇ ಕಟ್ಟಿದ ಈ ವಾಕ್ಯ ನೋಡಿ: ‘ಸಿಂಧನೂರು ತಾಲ್ಲೂಕಿನ ಇಂಥ ಕ್ಯಾಂಪಿಗೆ ಭತ್ತದ ನಾಟಿಗೆ ಬಂದಿದ್ದ ಕೂಲಿ ಕುಟುಂಬದ, ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದ 14 ವರ್ಷದ ಬಾಲಕಿಯ ಮೇಲೆ ಆಕೆಯ ಸೋದರಮಾವ ಅತ್ಯಾಚಾರ ಎಸಗಿದ್ದಾನೆ.’ ಆ ಹಂಗಾಮಿಗೆ ಕ್ಯಾಂಪಿಗೆ ಬಂದ ಹೊರಗಿನ ಕುಟುಂಬ ಎರಡೋ ಮೂರೋ ಇದ್ದಾವು. ಅವುಗಳಲ್ಲಿ ಎಂಟನೇ ತರಗತಿಯ ಹುಡುಗಿ ಒಬ್ಬಳೇ. ಮುಂದಿನ ಸಾಲಿನಲ್ಲಿ ಆರೋಪಿಯ ಹೆಸರು, ಅವನ ತಂದೆಯ ಹೆಸರು, ವಯಸ್ಸು ಬಂತೆಂದರೆ ಉಳಿದದ್ದೂ ಬಯಲಾಯಿತು. ಮಾವ ಯಾರೆಂದು ಗೊತ್ತಾದ ಮೇಲೆ ಸೊಸೆ ಯಾರೆಂದು ಕೇಳುವವರುಂಟೆ?

ಕಾನೂನು ಹೆಸರಿನ ಹತ್ತಿರ ನಿಲ್ಲುವುದಿಲ್ಲ. ಪೋಕ್ಸೊ ಕಾಯ್ದೆಯ (2012) ಕಲಂ 23 ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಇನ್ನಾವುದೇ ಸಂಗತಿ ಎಂದು ಒಂದೊಂದಾಗಿ ಹೆಸರಿಸಿ ನಿಷೇಧಿಸುತ್ತದೆ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ವರದಿಗಾರ ಮಾಡಿದ ತಪ್ಪಿಗೆ ಪ್ರಕಾಶಕ ಮತ್ತು ಮಾಲೀಕರೂ ಹೊಣೆ. ವಯಸ್ಕ ಸಂತ್ರಸ್ತೆಯ ವಿಚಾರಕ್ಕೆ ಹಿಂದೆ ಐಪಿಸಿ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 72 ಇದೆ. ಎರಡು ವರ್ಷದವರೆಗೆ ಜೈಲು, ದಂಡ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿತು: ದೂರದಿಂದಲಾದರೂ ಗುರುತು ಸಿಗುವಂಥ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಸಂತ್ರಸ್ತೆ ಸತ್ತಿದ್ದರೂ ಅಷ್ಟೇ. ‘ಅವರಪ್ಪನೇ ಹಾಕ್ರಿ ಅಂದ್ರು’ ಎಂಬ ಮಾತು ರಕ್ಷಣೆಯಲ್ಲ; ಅದನ್ನು ತೀರ್ಮಾನಿಸುವವರು ಸೆಷನ್ಸ್ ನ್ಯಾಯಾಧೀಶರು. ವಯಸ್ಕ ಸಂತ್ರಸ್ತೆ ತಾನೇ ಮುಂದೆ ಬಂದು ಲಿಖಿತವಾಗಿ ಒಪ್ಪಿದರೆ ಮಾತು ಬೇರೆ.

ಹಾಗಾದರೆ ಬರೆಯುವುದು ಹೇಗೆ? ಸ್ಥಳ ತಾಲ್ಲೂಕಿಗಿಂತ ಕೆಳಗೆ ಇಳಿಯಬಾರದು. ಸಣ್ಣ ಠಾಣೆಯಾದರೆ ಠಾಣೆಯ ಹೆಸರೂ ಬೇಡ. ವಯಸ್ಸಿನ ಬದಲು ‘ಬಾಲಕಿ’ ಸಾಕು. ತರಗತಿ, ಶಾಲೆ, ಹಾಸ್ಟೆಲ್, ಪೋಷಕರ ಕಸುಬು, ಗುಳೆ ಬಂದ ಊರು ಬೇಡ. ಆರೋಪಿ ಸಂಬಂಧಿಕನಾದರೆ ಅವನ ಹೆಸರು ಅಥವಾ ಸಂಬಂಧ, ಎರಡರಲ್ಲಿ ಒಂದೇ. ಮಗುವಿನ ಪ್ರಕರಣದಲ್ಲಿ ನಾವು ಹೆಸರು ಬಿಟ್ಟು, ಸಂಬಂಧವನ್ನೂ ‘ಪರಿಚಿತ’ ಎಂದಷ್ಟೇ ಇಡುತ್ತೇವೆ. ಫೋಟೊದಲ್ಲಿ ಮುಖ ಮಸುಕು ಮಾಡಿ ಮನೆಯ ಬಾಗಿಲು, ಬಾಗಿಲ ಮೇಲಿನ ಹೆಸರು, ಜಿಲ್ಲಾಸ್ಪತ್ರೆಯ ಮುಂದೆ ಅಳುತ್ತ ಕೂತ ತಾಯಿ ಇವನ್ನೆಲ್ಲ ಹಾಗೇ ಬಿಟ್ಟರೆ ಮಸುಕು ಮಾಡಿದ್ದು ವ್ಯರ್ಥ.

ಇಷ್ಟು ಮಾಡಿದರೂ ಒಂದು ತೂತು ಉಳಿಯುತ್ತದೆ. ನೀವು ತಾಲ್ಲೂಕಷ್ಟೇ ಬರೆಯುತ್ತೀರಿ, ಇನ್ನೊಂದು ಪತ್ರಿಕೆ ಹಳ್ಳಿ ಬಿಟ್ಟು ಶಾಲೆ ಬರೆಯುತ್ತದೆ, ಮೂರನೆಯದು ತಂದೆಯ ಕಸುಬು ಹಾಕುತ್ತದೆ. ಮೂರನ್ನೂ ಓದಿದವನಿಗೆ ಎಲ್ಲ ಸಿಕ್ಕಿತು. ತಾಲ್ಲೂಕಿನ ವರದಿಗಾರರೆಲ್ಲ ಸುದ್ದಿ ಕಳಿಸುವ ಮೊದಲು ಮಾತಾಡಿಕೊಂಡು ಒಂದೇ ಗೆರೆ ಹಾಕಿಕೊಳ್ಳದೆ ಇದಕ್ಕೆ ಪರಿಹಾರವಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಪ್ರೆಸ್‌ನೋಟ್‌ನಲ್ಲೇ ಹೆಸರಿದ್ದರೆ ಅದು ಪೊಲೀಸರ ತಪ್ಪು: ಮಗುವಿನ ಗುರುತು ಮಾಧ್ಯಮಕ್ಕೆ ಸಿಗದಂತೆ ನೋಡಿಕೊಳ್ಳುವುದು ಪೋಕ್ಸೊ ಕಲಂ 24ರ ಪ್ರಕಾರ ಅವರ ಕೆಲಸ. ಆದರೆ ಅವರು ಕೊಟ್ಟರೆಂದು ನೀವು ಛಾಪಿಸಿದರೆ ನಿಮ್ಮ ತಪ್ಪು ಬೇರೆಯೇ ನಿಲ್ಲುತ್ತದೆ.

‘ಶೀಲ ಶಂಕಿಸಿ ಪತ್ನಿಯ ಕೊಲೆ’, ‘ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಚಾಕು ಇರಿತ’. ದಿನಾ ಇವೇ ತಲೆಬರಹ. ಓದಿದರೆ ಸತ್ತವಳದ್ದೇ ತಪ್ಪು ಅನಿಸುತ್ತದೆ. ಬೇರೆ ರೀತಿ ಬರೆಯಲು ಬರುವುದಿಲ್ಲವೇ?
— ಶಿಕ್ಷಕಿ, ಕುಷ್ಟಗಿ

ಬರುತ್ತದೆ, ಜಾಗವೂ ಕಡಿಮೆ ಸಾಕು. ಮೊದಲು ಆ ತಲೆಬರಹ ಎಲ್ಲಿಂದ ಬಂತು ನೋಡಿ. ‘ಶೀಲ ಶಂಕಿಸಿ’ ಎಂದು ಹೇಳಿದವನು ಯಾರು? ಸಿಕ್ಕಿಬಿದ್ದ ಗಂಡ. ಯಾರ ಮುಂದೆ ಹೇಳಿದ? ಪೊಲೀಸರ ಮುಂದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ; ಹಳೆಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ರಲ್ಲೂ ಹಾಗೇ ಇದೆ. ಕೋರ್ಟ್ ನಂಬದ ಆ ಮಾತು ಸಂಜೆ ಏಳಕ್ಕೆ ಪ್ರೆಸ್‌ನೋಟ್ ಆಗಿ, ಒಂಬತ್ತಕ್ಕೆ ಪುಟವಾಗಿ, ಬೆಳಿಗ್ಗೆ ಸತ್ತವಳ ಚಾರಿತ್ರ್ಯವಾಗಿ ಮನೆಮನೆಗೆ ತಲುಪುತ್ತದೆ. ಉತ್ತರ ಕೊಡಲು ಅವಳಿಲ್ಲ.

‘ಪತ್ನಿಯ ಕೊಲೆ: ಪತಿ ಬಂಧನ’. ಇಷ್ಟೇ ತಲೆಬರಹ. ಕಾರಣ ಹಾಕಲೇಬೇಕೆಂದರೆ ಸುದ್ದಿಯ ಕೊನೆಯಲ್ಲಿ, ‘ಆರೋಪಿ ಹೀಗೆ ಹೇಳಿದ್ದಾಗಿ ಪೊಲೀಸರು ತಿಳಿಸಿದ್ದಾರೆ’ ಎಂದು ಯಾರ ಮಾತೆಂದು ಗೊತ್ತಾಗುವಂತೆ. ‘ಅನೈತಿಕ ಸಂಬಂಧ’ ಎಂಬುದನ್ನು ಡೆಸ್ಕಿನವರು ಕಣ್ಣಿಗೆ ಬಿದ್ದ ಕಡೆ ಹೊಡೆದುಹಾಕಲಿ. ‘ಪಾಗಲ್ ಪ್ರೇಮಿ’, ‘ಭಗ್ನಪ್ರೇಮಿ’ಗಳನ್ನೂ. ಒಲ್ಲೆ ಎಂದವಳ ಹಿಂದೆ ಬಿದ್ದು ಕಾಡುವುದು ನ್ಯಾಯ ಸಂಹಿತೆಯ ಕಲಂ 78ರಡಿ ಅಪರಾಧ: ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಅದು ಪ್ರೀತಿಯ ಪುಟದ ಸುದ್ದಿಯಲ್ಲ.

ಹೀಗೆ ಉಳಿಸಿದ ಜಾಗದಲ್ಲಿ ಏನು ಹಾಕಬೇಕು ಎಂಬುದೇ ನಮ್ಮ ಲೆಕ್ಕದಲ್ಲಿ ಮುಖ್ಯ. ಅವಳು ಮೊದಲೇ ಠಾಣೆಗೆ ಬಂದಿದ್ದಳೇ? ಬಂದಾಗ ಎಫ್‌ಐಆರ್ ಆಯಿತೇ, ‘ರಾಜಿ ಪಂಚಾಯಿತಿ’ ಮಾಡಿ ಕಳಿಸಿದರೇ? ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಿತ್ತೇ? ಕೌಟುಂಬಿಕ ಹಿಂಸೆ ಕಾಯ್ದೆಯಡಿ (2005) ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಆ ಕಚೇರಿಯಲ್ಲಿ ಕೌಟುಂಬಿಕ ಘಟನೆಯ ವರದಿ ಬರೆದಿದ್ದರೇ? ಬರೆದಿದ್ದರೆ ಮ್ಯಾಜಿಸ್ಟ್ರೇಟರಿಗೆ ಹೋಗಿತ್ತೇ? ಎರಡು ಫೋನ್ ಕರೆಯ ಕೆಲಸ. ಕೊಲೆ ಒಂದು ರಾತ್ರಿಯದ್ದೋ, ಮೂರು ಬಾಗಿಲು ತಟ್ಟಿ ವಾಪಸಾದ ಮೇಲಿನದ್ದೋ ಎಂಬುದು ಅಲ್ಲಿ ತಿಳಿಯುತ್ತದೆ.

‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ’ ಎಂಬ ಸುದ್ದಿ ಚಿಕ್ಕಂದಿನಿಂದ ಓದುತ್ತಿದ್ದೇನೆ. ಇಷ್ಟು ಹೆಂಗಸರಿಗೆ ನಿಜವಾಗಿ ಹೊಟ್ಟೆನೋವಾ?
— ಪದವಿ ವಿದ್ಯಾರ್ಥಿನಿ, ಸಿರುಗುಪ್ಪ

ಒಳ್ಳೆಯ ಪ್ರಶ್ನೆ. ಕೆಲವರಿಗೆ ನಿಜವಾಗಿಯೂ ಇದ್ದೀತು. ಆದರೆ ಆ ಸಾಲು ಹುಟ್ಟುವುದು ಆಸ್ಪತ್ರೆಯಲ್ಲಲ್ಲ, ಠಾಣೆಯಲ್ಲಿ. ಅಸಹಜ ಸಾವಾದಾಗ ಮನೆಯವರಲ್ಲಿ ಒಬ್ಬರು ಫಿರ್ಯಾದಿ ಕೊಡುತ್ತಾರೆ. ‘ಯಾರ ಮೇಲೂ ಸಂಶಯ ಇಲ್ಲ, ಹೊಟ್ಟೆನೋವಿತ್ತು, ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ಬರೆಸಿದರೆ ಯುಡಿಆರ್ (ಅಸಹಜ ಸಾವಿನ ವರದಿ) ಆಗಿ ಕಡತ ಮುಚ್ಚಲು ದಾರಿ ಸಲೀಸು. ಬರೆಸುವವರು ಅನೇಕ ಸಲ ಗಂಡನ ಮನೆಯವರೇ. ಅದನ್ನು ವರದಿಗಾರ ಎತ್ತಿ ಹಾಕಿದನೆಂದರೆ ತನಿಖೆಗೂ ಮೊದಲೇ ತೀರ್ಪು ಬಂದಂತೆ.

ಬರೆಯುವವರು ಮೊದಲು ಕೇಳಬೇಕಾದ್ದು ಮದುವೆಯಾಗಿ ಎಷ್ಟು ವರ್ಷ ಎಂದು. ಏಳು ವರ್ಷದೊಳಗಾದರೆ ಸಾಮಾನ್ಯ ಪೊಲೀಸ್ ಪಂಚನಾಮೆ ಸಾಲದು, ತಹಶೀಲ್ದಾರ್ ದರ್ಜೆಯ ಮ್ಯಾಜಿಸ್ಟ್ರೇಟರ ಪಂಚನಾಮೆ ಆಗಬೇಕು, ಮರಣೋತ್ತರ ಪರೀಕ್ಷೆ ಆಗಬೇಕು. ಆಯಿತೇ ಎಂದು ಕೇಳಿ. ತವರಿನವರು ಬಂದರೇ, ಅವರ ಹೇಳಿಕೆ ತೆಗೆದುಕೊಂಡರೇ? ಕಲಂ 80 (ವರದಕ್ಷಿಣೆ ಸಾವು) ಅಥವಾ 85 (ಗಂಡ ಮತ್ತು ಅವನ ಕಡೆಯವರ ಕ್ರೌರ್ಯ) ಬಿತ್ತೇ? ಇವಕ್ಕೆ ಉತ್ತರ ಸಿಗುವವರೆಗೆ ತಲೆಬರಹ ‘ವಿವಾಹಿತೆ ಸಾವು: ತನಿಖೆ’ ಎಂದಿರಲಿ. ‘ಆತ್ಮಹತ್ಯೆ’ ಎಂದೂ ಬೇಡ, ‘ಕೊಲೆ’ ಎಂದೂ ಬೇಡ. ತವರಿನವರ ಸಿಟ್ಟು ನ್ಯಾಯವಾದದ್ದೇ ಇರಬಹುದು, ಅದನ್ನೂ ಅವರ ಮಾತಾಗಿಯೇ ಬರೆಯಬೇಕು.

ಆತ್ಮಹತ್ಯೆ ಎಂದು ಖಚಿತವಾದ ಮೇಲೂ ವಿಧಾನ, ಬಳಸಿದ ವಸ್ತು, ಕೊನೆಯ ಪತ್ರದ ಚಿತ್ರ, ‘ಒಂದೇ ಕಾರಣ’ದ ವಿವರಣೆ ಬೇಡ. ಅನುಕರಣೆಯ ಅಪಾಯ ಇರುವುದರಿಂದಲೇ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಈ ಮಾರ್ಗಸೂಚಿ ಒಪ್ಪಿಕೊಂಡಿದೆ. ಸುದ್ದಿಯ ಕೆಳಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ಮಹಿಳಾ ಸಹಾಯವಾಣಿ 181 ಹಾಕಿ. ಎರಡು ಸಾಲು ಜಾಗ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ಸುದ್ದಿಯಲ್ಲಿ ಜಾತಿ ಬರೆಯಬಾರದು ಎಂದು ತರಗತಿಯಲ್ಲಿ ಕಲಿಸುತ್ತಾರೆ. ಆದರೆ ದಲಿತ ಹೆಣ್ಣುಮಗಳ ಮೇಲಿನ ದೌರ್ಜನ್ಯವನ್ನು ‘ಮಹಿಳೆ ಮೇಲೆ ಹಲ್ಲೆ’ ಎಂದು ಬರೆದರೆ ಅರ್ಧ ಸತ್ಯವಲ್ಲವೇ?
— ಪತ್ರಿಕೋದ್ಯಮ ವಿದ್ಯಾರ್ಥಿ, ಬಳ್ಳಾರಿ

ಅರ್ಧಕ್ಕಿಂತಲೂ ಕಡಿಮೆ. ಜಾತಿ ಬರೆಯುವ ಬಗ್ಗೆ ಪತ್ರಿಕಾ ಮಂಡಳಿ ಹೇಳಿದ್ದರ ತಿರುಳು ಬೇರೆ: ಒಬ್ಬರ ನಡತೆಯನ್ನು ಅವರ ಜಾತಿಗೆ ಅಂಟಿಸಿ ಹೀಗಳೆಯುವಂತೆ ಜಾತಿ ಹಾಕಬೇಡಿ ಎಂದು. ಜಾತಿಯೇ ಅಪರಾಧದ ಕಾರಣವೋ, ಸಾಧನವೋ ಆಗಿದ್ದಾಗ ಮುಚ್ಚಿಡಿ ಎಂದು ಅದರ ಅರ್ಥವಲ್ಲ. ಹಾಗೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2006ರ ಸೆಪ್ಟೆಂಬರ್ 29ರ ಖೈರ್ಲಾಂಜಿ ಇದೆ. ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯಲ್ಲಿ ಒಂದೇ ದಲಿತ ಕುಟುಂಬದ ತಾಯಿ ಮತ್ತು ಮೂವರು ಮಕ್ಕಳನ್ನು ಊರಿನವರು ಕೊಂದರು. ಮೊದಲ ವರದಿಗಳಲ್ಲಿ ಕೆಲವು ಅದನ್ನು ‘ಅನೈತಿಕ ಸಂಬಂಧ’ದ ಜಗಳವೆಂದವು. ವಾರಗಟ್ಟಲೆ ಆದ ಮೇಲೆ, ಬೀದಿಗಿಳಿದ ದಲಿತ ಸಂಘಟನೆಗಳ ಒತ್ತಡದಿಂದ, ದೇಶದ ಪತ್ರಿಕೆಗಳು ಕಣ್ಣು ತೆರೆದವು. ಕೊನೆಗೆ ಕೋರ್ಟಿನಲ್ಲೂ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷೆಯಾಗಲಿಲ್ಲ.

ನಮ್ಮ ಭಾಗದ್ದೇ ಹೇಳುವುದಾದರೆ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಆ ದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಮರಕುಂಬಿ. ನಡುವಿನ ಹತ್ತು ವರ್ಷ ಯಾರ ಪುಟದಲ್ಲೂ ಇರಲಿಲ್ಲ ಎಂದರೆ ತೀರ ಅತಿಶಯವಲ್ಲ. ಆಮೇಲೆ ಹೈಕೋರ್ಟ್ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಅದು ಎಷ್ಟು ಓದುಗರಿಗೆ ಗೊತ್ತು?

ಇಂಥ ಸುದ್ದಿಯಲ್ಲಿ ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂಬ ಸಾಲು ಬರೆಯುವ ಮುಂಚೆ ಎಫ್‌ಐಆರ್ ಕಲಂ ನೋಡಿ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ (1989) ಬಿದ್ದಿದ್ದರೆ ಸುದ್ದಿಯಲ್ಲಿ ಅದು ಬರಲೇಬೇಕು. ಮುಂದೆ ಕೇಳಬೇಕಾದ್ದು: ತನಿಖೆ ಡಿವೈಎಸ್‌ಪಿ ದರ್ಜೆಯವರ ಕೈಯಲ್ಲಿದೆಯೇ? 60 ದಿನದೊಳಗೆ ದೋಷಾರೋಪ ಪಟ್ಟಿ ಹೋಯಿತೇ? ‘ಮೊದಲು ವಿಚಾರಣೆ ಮಾಡಿ ಆಮೇಲೆ ದಾಖಲಿಸುತ್ತೇವೆ’ ಎಂದು ಠಾಣೆಯವರು ಹೇಳಿದರೆ ಕಲಂ 18ಎ ನೆನಪಿಸಿ. ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರಲ್ಲೇ ತಿದ್ದುಪಡಿಯಾಗಿದೆ. ಪರಿಹಾರದ ಹಣದ ಸುದ್ದಿಯಂತೂ ಯಾರೂ ಬರೆಯುವುದಿಲ್ಲ. 2016ರ ನಿಯಮಗಳ ಪಟ್ಟಿಯಲ್ಲಿ ಅತ್ಯಾಚಾರಕ್ಕೆ ₹5 ಲಕ್ಷ ಇದೆ: ವೈದ್ಯಕೀಯ ಪರೀಕ್ಷೆ ಮತ್ತು ದೃಢೀಕರಣದ ಬಳಿಕ ಅರ್ಧ, ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ ಕಾಲು, ವಿಚಾರಣೆ ಮುಗಿದಾಗ ಕಾಲು. ಮೊದಲ ಅರ್ಧ ಎಷ್ಟು ತಿಂಗಳಿಗೆ ಕೈಸೇರಿತು ಎಂದು ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿದರೆ ಅದೇ ಒಂದು ಸುದ್ದಿ.

ಮೊದಲ ಉತ್ತರಕ್ಕೂ ಇದಕ್ಕೂ ತಿಕ್ಕಾಟವಿದೆ, ನಿಜ. ಜಾತಿ ಬರೆದರೆ ಸಣ್ಣ ಊರಿನಲ್ಲಿ ಗುರುತು ಸಿಗಬಹುದು. ಲೈಂಗಿಕ ಅಪರಾಧದಲ್ಲಿ ‘ಪರಿಶಿಷ್ಟ ಜಾತಿಯ ಮಹಿಳೆ’ ಎಂದು ನಿಲ್ಲಿಸಿ, ಉಪಜಾತಿ ಬೇಡ, ಓಣಿಯ ಹೆಸರು ಬೇಡ. ಆರೋಪಿ ಬಲಾಢ್ಯ ಜಾತಿಯವನು, ಅವಳು ಅವನ ಹೊಲದಲ್ಲೇ ಕೂಲಿ ಮಾಡುತ್ತಿದ್ದಳು ಎಂಬುದು ಅಪರಾಧ ಅರ್ಥವಾಗಲು ಬೇಕಾದ ಮಾಹಿತಿ. ಊರಿನ ಹೆಸರು ಬಿಟ್ಟರೆ ಅದನ್ನು ಇಟ್ಟುಕೊಳ್ಳಬಹುದು. 2021ರಲ್ಲಿ ಆಂಧ್ರದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಸಂತ್ರಸ್ತೆ ಹೆಣ್ಣು, ಪರಿಶಿಷ್ಟ ಜಾತಿಯವಳು, ಕಣ್ಣು ಕಾಣದವಳು, ಈ ಮೂರನ್ನೂ ಬೇರೆಬೇರೆ ಮಾಡಿ ಅವಳಿಗಾದ ಅನ್ಯಾಯವನ್ನು ಅಳೆಯಲಾಗದು.

ಇನ್ನು ‘ದೇವದಾಸಿಯ ಮಗಳು’ ಎಂದು ಬರೆಯುವ ಚಾಳಿ. ಹೆಣ್ಣುಮಗಳನ್ನು ದೇವರಿಗೆ ಮೀಸಲೆಂದು ಬಿಡಿಸುವ ಪದ್ಧತಿಯೇ 1982ರ ಕಾಯ್ದೆಯಿಂದ ನಿಷೇಧ. ಪರಿಶಿಷ್ಟ ಹೆಣ್ಣುಮಗಳನ್ನು ಹಾಗೆ ಬಿಡಿಸುವುದು ದೌರ್ಜನ್ಯ ಕಾಯ್ದೆಯಡಿಯೂ ಅಪರಾಧ. ಸುದ್ದಿ ಬಿಡಿಸಿದವರ ಮೇಲೆ ಇರಲಿ. ಹುಲಿಗಿ ಜಾತ್ರೆಯಲ್ಲಿ ಕೊರಳಲ್ಲಿ ದೇವದಾಸಿಯ ಗುರುತಾದ ಮುತ್ತು ಕಂಡ ಹುಡುಗಿಯ ಫೋಟೊ ಹಾಕಿ ‘ಇನ್ನೂ ಜೀವಂತ ಅನಿಷ್ಟ’ ಎಂದು ಬರೆದರೆ, ಬಾಲನ್ಯಾಯ ಕಾಯ್ದೆಯ ಕಲಂ 74ರಡಿ ಆರು ತಿಂಗಳವರೆಗಿನ ಜೈಲಿಗೋ ₹2 ಲಕ್ಷದವರೆಗಿನ ದಂಡಕ್ಕೋ ಗುರಿಯಾಗುವವರು ನೀವು.

ಸಾಣಾಪುರದ ಘಟನೆ ದಿನಗಟ್ಟಲೆ ಟಿವಿಯಲ್ಲಿ ಬಂತು. ನಮ್ಮ ಕಡೆ ಕೂಲಿ ಹೆಣ್ಣುಮಕ್ಕಳಿಗೆ ಆಗುವುದು ಒಂದು ಕಾಲಂ ಕೂಡ ಬರುವುದಿಲ್ಲ. ಯಾಕೆ?
— ಓದುಗ, ಕಾರಟಗಿ

2025ರ ಮಾರ್ಚ್ 6ರ ರಾತ್ರಿ ಸಾಣಾಪುರ ಕೆರೆ ಬಳಿ ಇಬ್ಬರು ಮಹಿಳೆಯರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಿಸಿಕೊಂಡ ಪ್ರವಾಸಿಯೊಬ್ಬ ಸತ್ತ. ಅದು ದೊಡ್ಡ ಸುದ್ದಿಯೇ. ಆದರೆ ಅದು ಜಗತ್ತಿಗೆ ತಲುಪಿದ್ದು ಒಬ್ಬಾಕೆ ವಿದೇಶಿ ಮತ್ತು ಜಾಗ ಹಂಪಿಯ ಪಕ್ಕ ಎಂಬ ಕಾರಣಕ್ಕೂ. ಸುದ್ದಿಮನೆಯ ತಕ್ಕಡಿ ಹೀಗಿದೆ: ಅಪರಿಚಿತ ದಾಳಿಕೋರ, ರಾತ್ರಿ, ನಿರ್ಜನ ಜಾಗ, ಓದುಗರಂಥ ಅಥವಾ ಓದುಗರಿಗಿಂತ ಮೇಲಿನ ವರ್ಗದ ಸಂತ್ರಸ್ತೆ. ಇವೆಲ್ಲ ಸೇರಿದರೆ ಮುಖಪುಟ. ಮನೆಯೊಳಗೆ ನಿತ್ಯ ಹೊಡೆಯುವ ಗಂಡನಿಗೆ, ಗುಳೆ ಹೋದ ಊರಿನ ಮೇಸ್ತ್ರಿಗೆ ಅಲ್ಲಿ ತೂಕವಿಲ್ಲ. ತಾಲ್ಲೂಕು ವರದಿಗಾರನಿಗೆ ಸಿಗುವುದು ಸುದ್ದಿಗಿಷ್ಟು ಎಂಬ ಪುಡಿಗಾಸು. ಇಪ್ಪತ್ತು ಕಿಲೊಮೀಟರ್ ಬೈಕ್ ಓಡಿಸಿ ಹಳ್ಳಿಗೆ ಹೋದರೆ ಪೆಟ್ರೋಲಿಗೂ ಸಾಲದು. ಹಾಗಾಗಿ ಠಾಣೆ ಕಳಿಸಿದ್ದೇ ಸುದ್ದಿ.

ಅಂಕಿಗಳು ತಕ್ಕಡಿ ತಿರುಗಿಸುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ಎಣಿಸಿದ 4,45,256 ಮಹಿಳಾ ದೌರ್ಜನ್ಯ ಪ್ರಕರಣಗಳಲ್ಲಿ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯ ಶೇ 31.4, ಅತ್ಯಾಚಾರ ಶೇ 7.1. ಅತ್ಯಾಚಾರ ಪ್ರಕರಣಗಳಲ್ಲೂ ನೂರಕ್ಕೆ 90ಕ್ಕಿಂತ ಹೆಚ್ಚಿನಲ್ಲಿ ಆರೋಪಿ ಪರಿಚಿತನೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ರಾಜ್ಯಗಳಲ್ಲೇ ಅತಿ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ.

ಈ ಅಂಕಿ ಬಳಸುವಾಗ ಮೂರು ಕಡೆ ಎಡವುತ್ತಾರೆ. ‘ಲಾಕ್‌ಡೌನ್‌ನಿಂದ ಹಿಂಸೆ ದುಪ್ಪಟ್ಟು’ ಎಂದು ಬರೆಯುವುದು ಒಂದು. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ, ಕೋವಿಡ್‌ಗೂ ಮೊದಲು. ಎರಡನೆಯದು, 44.4ನ್ನು ‘ರಾಯಚೂರು ಜಿಲ್ಲೆಯಲ್ಲಿ’ ಎಂದು ಇಳಿಸುವುದು. ಆ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲಿ ಗಂಡನ ಹಿಂಸೆಯ ಅಂಕಿಯೇ ಇಲ್ಲ. ಮೂರನೆಯದು, ಬ್ಯೂರೊದ ಸಂಖ್ಯೆ ಏರಿದರೆ ‘ಅಪರಾಧ ಏರಿಕೆ’ ಎನ್ನುವುದು. ಅದು ದಾಖಲಾದವುಗಳ ಲೆಕ್ಕ. ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂ ಇದ್ದರೆ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತಾರೆ. ಠಾಣೆ ಬಾಗಿಲು ಸರಿಯಾಗಿ ತೆರೆದ ಜಿಲ್ಲೆಯಲ್ಲಿ ಸಂಖ್ಯೆ ಹೆಚ್ಚು ಕಾಣುವುದೂ ಉಂಟು.

ನಮ್ಮೂರಿನ ಯೂಟ್ಯೂಬ್ ಚಾನೆಲ್‌ನವ್ರು ನಮ್ಮ ಅಕ್ಕನ ಮಗಳ ಮನಿ ಮುಂದ ನಿಂತು ವಿಡಿಯೊ ಮಾಡಿ ಬಿಟ್ಟಾರ್ರಿ. ಮುಖ ಇಲ್ಲ, ಆದ್ರ ಮನಿ, ಓಣಿ, ಅವ್ವನ ದನಿ ಎಲ್ಲಾ ಅದ. ಅತ್ಯಾಚಾರದ ಕೇಸು ಐತಿ. ತಗಸ್ಬೇಕಂದ್ರ ಏನ್ ಮಾಡ್ಬೇಕ್ರಿ?
— ಯಲಬುರ್ಗಾ ತಾಲ್ಲೂಕಿನಿಂದ

ಮೊದಲು ಫೋನ್ ಮಾಡಿ ಜಗಳ ಆಡಬೇಡಿ. ಮಾಡಿದರೆ ಅವರು ವಿಡಿಯೊ ಅಳಿಸಿ ‘ಹಾಕೇ ಇಲ್ಲ’ ಎನ್ನುತ್ತಾರೆ. ಮೊದಲು ಪುರಾವೆ: ವಿಡಿಯೊದ ಕೊಂಡಿ ಬರೆದಿಟ್ಟುಕೊಳ್ಳಿ, ಇನ್ನೊಂದು ಫೋನಿನಿಂದ ಪರದೆಯನ್ನು ಪೂರ್ತಿ ಚಿತ್ರೀಕರಿಸಿ, ಚಾನೆಲ್ ಹೆಸರು, ದಿನಾಂಕ, ಎಷ್ಟು ಜನ ನೋಡಿದ್ದಾರೆ ಎಂಬುದು ಕಾಣುವಂತೆ ಫೋಟೊ ತೆಗೆಯಿರಿ. ಯಾವ ಫೋನಿನಲ್ಲಿ ತೆಗೆದಿರೋ ಅದರಲ್ಲಿನ ಮೂಲ ಕಡತ ಅಳಿಸಬೇಡಿ. ಕೋರ್ಟಿಗೆ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಅದರ ಒಂದು ಭಾಗ ನೀವು, ಇನ್ನೊಂದು ಭಾಗ ತಜ್ಞರು ತುಂಬಬೇಕು. ವಿಡಿಯೊವನ್ನು ‘ನೋಡ್ರಿ ಹೆಂಗ್ ಮಾಡ್ಯಾರ’ ಎಂದು ಸಂಬಂಧಿಕರ ಗುಂಪಿಗೆ ಕಳಿಸಬೇಡಿ. ಕಲಂ 72 ಪತ್ರಕರ್ತರಿಗೆ ಮಾತ್ರವಲ್ಲ, ಪ್ರಕಟಿಸುವ ಯಾರಿಗಾದರೂ ಅನ್ವಯ.

ಆಮೇಲೆ ಠಾಣೆ. ಪ್ರಕರಣದ ತನಿಖಾಧಿಕಾರಿಗೇ ಲಿಖಿತ ದೂರು ಕೊಡಿ: ಕಲಂ 72, ಹುಡುಗಿ 18ರೊಳಗಿದ್ದರೆ ಪೋಕ್ಸೊ ಕಲಂ 23 ಎಂದು ಹೆಸರಿಸಿ. ಕಲಂ 72ರದು ಪೊಲೀಸರು ನೇರವಾಗಿ ದಾಖಲಿಸಬಹುದಾದ ಅಪರಾಧ. ಸ್ವೀಕೃತಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ದೂರಿಗೆ ಬೇರೆ ವಿಭಾಗವಿದೆ, ಅಲ್ಲೂ ಹಾಕಿ. ಜೊತೆಗೆ ಯೂಟ್ಯೂಬ್‌ನ ಖಾಸಗಿತನದ ದೂರು ನಮೂನೆ. ಅದನ್ನು ಸಂತ್ರಸ್ತೆಯೇ, ಮಗುವಾದರೆ ತಂದೆತಾಯಿಯೇ ಹಾಕಬೇಕು. ಅಕ್ಕಪಕ್ಕದವರು ಹಾಕಿದ ದೂರು ತಿರಸ್ಕೃತವಾಗುವುದು ಇದೇ ಕಾರಣಕ್ಕೆ.

ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಡಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಕೊಪ್ಪಳದ ಕೋರ್ಟ್ ಆವರಣದಲ್ಲೇ ವಿಚಾರಿಸಿ. ಸಹಾಯವಾಣಿ 15100.

ಇದೇ ಕೆಲಸ ಪತ್ರಿಕೆ ಮಾಡಿದ್ದರೆ ದಾರಿ ಬೇರೆ. ಮೊದಲು ಸಂಪಾದಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ. ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳು. ಜೊತೆಗೆ ಮೂಲ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಇದೇ ವಿಷಯ ಕೋರ್ಟಿನಲ್ಲಿ ಬಾಕಿ ಇಲ್ಲ ಎಂಬ ಘೋಷಣೆ. ನಮ್ಮ ಕಡೆಯ ದೂರುಗಳು ಬೀಳುವುದು ಹೆಚ್ಚಾಗಿ ಅನುವಾದ ಇಲ್ಲದ್ದಕ್ಕೆ, ಸಂಪಾದಕರಿಗೆ ವಾಟ್ಸ್‌ಆ್ಯಪ್ ಮಾಡಿ ಸುಮ್ಮನಾದದ್ದಕ್ಕೆ, ಎರಡು ತಿಂಗಳು ದಾಟಿದ್ದಕ್ಕೆ. ಶುಲ್ಕವಿಲ್ಲ. ಆದರೆ ಮಂಡಳಿಗೆ ದಂಡ ಹಾಕುವ ಅಧಿಕಾರವೂ ಇಲ್ಲ, ಎಚ್ಚರಿಸಬಹುದು, ಖಂಡಿಸಬಹುದು ಅಷ್ಟೇ. ಶಿಕ್ಷೆಯಾಗಬೇಕೆಂದರೆ ಠಾಣೆಯ ದಾರಿಯೇ.

ಟಿವಿ ಚಾನೆಲ್ ಮತ್ತು ಡಿಜಿಟಲ್ ಸುದ್ದಿತಾಣಗಳಿಗೆ 2021ರ ನಿಯಮಗಳಂತೆ ದೂರು ಅಧಿಕಾರಿ ಇರಬೇಕು. 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ. ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನದೊಳಗೆ ಅವರ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಪ್ರಸಾರವಾದ ವಾರದೊಳಗೆ ದೂರು ಕೊಟ್ಟರೆ ಒಳ್ಳೆಯದು, ದಿನಾಂಕ ಮತ್ತು ಸಮಯ ನಿಖರವಾಗಿರಲಿ.

ಧಾರಾವಾಹಿಯಲ್ಲಿ ಗಂಡ ಕೆನ್ನೆಗೆ ಬಾರಿಸುತ್ತಾನೆ, ಮುಂದಿನ ಕಂತಿನಲ್ಲಿ ಅವಳೇ ಕಾಲು ಹಿಡಿಯುತ್ತಾಳೆ. ಇದಕ್ಕೂ ದೂರು ಕೊಡಬಹುದೇ?
— ಗೃಹಿಣಿ, ಗಂಗಾವತಿ

ಕೊಡಬಹುದು. ಹೆಣ್ಣನ್ನು ಕೀಳಾಗಿ ತೋರಿಸಬಾರದೆಂದು ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆಯಲ್ಲೇ ಇದೆ. ಚಾನೆಲ್‌ನ ದೂರು ಅಧಿಕಾರಿಗೆ ಧಾರಾವಾಹಿಯ ಹೆಸರು, ದಿನಾಂಕ, ಸಮಯ, ದೃಶ್ಯ ಬರೆದು ಕಳಿಸಿ. ಹಿಂಸೆ ತೋರಿಸಿದ್ದಕ್ಕಿಂತ, ಅದನ್ನು ಕಥೆ ಸರಿಯೆಂದು ಒಪ್ಪಿಸಿದ್ದರ ಮೇಲೆ ದೂರು ನಿಲ್ಲಿಸಿ. ಹೊಡೆತ ತೋರಿಸಬಾರದೆಂದರೆ ಹೊಡೆಸಿಕೊಂಡವರ ಕಥೆ ಹೇಳುವುದು ಹೇಗೆ?

ಆರೋಪಿಯ ಹೆಸರು ಹಾಕಿದ್ದೆವು. ಮೂರು ವರ್ಷದ ಮೇಲೆ ಖುಲಾಸೆಯಾಯಿತು. ಈಗ ನಮ್ಮ ಹೊಣೆ ಏನು?
— ಸ್ಥಳೀಯ ವಾರಪತ್ರಿಕೆಯವರು, ಹೊಸಪೇಟೆ ರಸ್ತೆ, ಬಳ್ಳಾರಿ

ಬಂಧನದ ಸುದ್ದಿ ಎಷ್ಟು ಕಾಲಂ, ಯಾವ ಪುಟದಲ್ಲಿತ್ತೋ ಖುಲಾಸೆಯದೂ ಅಷ್ಟೇ, ಅದೇ ಪುಟದಲ್ಲಿ. ಜಾಲತಾಣದಲ್ಲಿರುವ ಹಳೆಯ ಸುದ್ದಿಯ ಮೇಲ್ತುದಿಗೆ ತೀರ್ಪಿನ ದಿನಾಂಕ ಸೇರಿಸಿ. ತೀರ್ಪಿನ ಪ್ರತಿ ತರಿಸಿ ಓದಿ: ಸಾಕ್ಷಿಗಳು ಪ್ರತಿಕೂಲವಾದರೇ, ಸಂಶಯದ ಲಾಭವೇ, ದೂರು ಸುಳ್ಳೆಂದು ಕೋರ್ಟ್ ಹೇಳಿತೇ? ಇವು ಮೂರೂ ಬೇರೆಬೇರೆ. ಖುಲಾಸೆಯಾದ ಕೂಡಲೇ ‘ಸುಳ್ಳು ಕೇಸು’ ಎಂದು ತಲೆಬರಹ ಕೊಟ್ಟರೆ ದೂರುದಾರಳ ಮೇಲೆ ತೀರ್ಪು ಕೊಟ್ಟಂತಾಗುತ್ತದೆ, ಕೋರ್ಟ್ ಕೊಡದ ತೀರ್ಪು. ಅತ್ಯಾಚಾರದಂಥ ಲೈಂಗಿಕ ಅಪರಾಧದ ಪ್ರಕರಣವಾದರೆ ಕೆಳ ಕೋರ್ಟಿನ ವಿಚಾರಣೆಯ ವಿವರ ಪ್ರಕಟಿಸಲು ಆ ಕೋರ್ಟಿನ ಅನುಮತಿ ಬೇಕು (ನ್ಯಾಯ ಸಂಹಿತೆ ಕಲಂ 73). ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪು ಪ್ರಕಟಿಸಲು ಆ ಅಡ್ಡಿಯಿಲ್ಲ. ಅನುಮತಿಗೆ ಒಂದು ಪುಟದ ಅರ್ಜಿ ಸಾಕು, ಸರ್ಕಾರಿ ಅಭಿಯೋಜಕರ ಮೂಲಕ ಹಾಕಿದರೆ ಬೇಗ ಮುಂದೆ ಹೋಗುತ್ತದೆ.